ಏರಿಯ ಮೇಲಿನ ಅಳತೆಕಂಬ

ತಾ. 3, ಮಂಗಳವಾರ, ಬೆಳಿಗ್ಗೆ 6

ಮತ್ತೆ ಅದೇ ಕನಸು. ಅಡುಗೆಮನೆಯ ನಲ್ಲಿಯಲ್ಲಿ ಕೆಂಪು ನೀರು. ಇವಳು ಅದರಲ್ಲೇ ಲೋಟ ತೊಳೆಯುತ್ತಿದ್ದಾಳೆ. ನಿಲ್ಲಿಸೇ ಎಂದರೆ ತಿರುಗದೆಯೇ ಕೇಳುತ್ತಾಳೆ — “ಇವತ್ತು ಎಷ್ಟು ಎಣಿಸಿದ್ರಿ?” ಬೆವರಿ ಎದ್ದೆ. ನಲ್ಲಿ ತಿರುಗಿಸಿ ನೋಡಿದೆ. ತಿಳಿ ನೀರೇ. ಇವಳು ಗೊರಕೆ ಹೊಡೆಯುತ್ತಿದ್ದಳು.

ಕೆರೆ ಏರಿಯ ಬುಡದಲ್ಲಿ ಜಿನುಗು ನೀರು ಬರುವ ಪೈಪಿಗೆ ಬಕೆಟ್ ಇಟ್ಟೆ. ತುಂಬಲು ತೊಂಬತ್ತು ಎಣಿಕೆ. ಹೋದ ತಿಂಗಳು ನೂರ ಹತ್ತು ಇತ್ತು. ಬೇಗ ಬೇಗ ಎಣಿಸಿದೆನೋ ಏನೋ. ಇನ್ನೊಮ್ಮೆ... ತೊಂಬತ್ತೇ. ಅದೇ ನೀರನ್ನು ಬಾಟಲಿಗೆ ತುಂಬಿ ಕಿಟಕಿಯಲ್ಲಿಟ್ಟೆ. ಮಣ್ಣಿನ ಏರಿ ಅಂದಮೇಲೆ ಜಿನುಗುತ್ತದೆ, ಅದಕ್ಕೆ ಹೆದರಬೇಡ, ಬಾಟಲಿಯ ತಳದಲ್ಲಿ ಮಣ್ಣು ಕೂತರೆ ಮಾತ್ರ ಹೆದರು — ನನಗಿಂತ ಮುಂಚೆ ಇದ್ದ ಕಾವಲುಗಾರ ಹೇಳಿಹೋದದ್ದು. ನಾನು ಎರಡಕ್ಕೂ ಹೆದರುತ್ತೇನೆ. ನಮ್ಮ ಮನೆ ಇರುವುದೇ ಏರಿಯ ಕೆಳಗೆ. ಅಡುಗೆಮನೆ ಕಿಟಕಿಯಿಂದ ಆಕಾಶ ಕಾಣುವುದಿಲ್ಲ, ಏರಿಯ ಹುಲ್ಲೇ ಕಾಣುತ್ತದೆ.

ಏರಿಯ ನಡುವಿನ ಅಳತೆಕಂಬದಲ್ಲಿ ನೀರು 41 ಇಂಚು.

ತಾ. 4, ಬುಧವಾರ

ಕಂಬದಲ್ಲಿ 41½. ಮಳೆ ಬಂದು ತಿಂಗಳಾಯಿತು. ನೀರು ಹೆಚ್ಚಿದ್ದು ಎಲ್ಲಿಂದ?

ಬೋಟಿನವನಿಗೆ ಹೇಳಿದೆ. ನಕ್ಕ.

“ಕೆರೇಲಿ ಕೂತು ಯಾರೋ ಅಳ್ತಿರ್ಬೇಕು ಬಿಡಣ್ಣ.”

ಅವನಿಗೆ ನೀಲಿ ದೋಣಿ ತೋರಿಸಿದೆ. ದಡಕ್ಕೆ ಕಟ್ಟಿದ್ದು. ಗಾಳಿ ಒಂದು ಎಳೆಯೂ ಇಲ್ಲ. ಆದರೂ ಹಗ್ಗ ಬಿಗಿಯಾಗಿದೆ, ಮೂತಿ ಏರಿಯ ನಡುಭಾಗಕ್ಕೆ. ಅಲ್ಲಿ ನೀರಿನ ಮೇಲೆ ತಟ್ಟೆಯಷ್ಟಗಲ ಒಣ ಎಲೆಗಳು ನಿಧಾನ ಸುತ್ತುತ್ತಿವೆ. ಒಂದೇ ಜಾಗದಲ್ಲಿ. ಅವನು ನಗುವುದನ್ನು ನಿಲ್ಲಿಸಿದ. ಆಮೇಲೆ, “ಮೀನಿರ್ಬೇಕು” ಅಂದ.

ಕೆರೆಯ ಯಜಮಾನರಿಗೆ ಫೋನ್ ಮಾಡಿದೆ.

“ನೀರು ಜಾಸ್ತಿ ಆದ್ರೆ ಒಳ್ಳೇದೇ ಅಲ್ವೇನಯ್ಯ? ಹದಿನೈದಕ್ಕೆ ದೋಣಿ ಪಂದ್ಯ. ಏರಿ ಮೇಲೆ ಇನ್ನೂರು ಕುರ್ಚಿ. ಕೆರೆ ತುಂಬಿರ್ಬೇಕು. ತೂಬು ತೆಗೆದು ನೀರು ಬಿಟ್ಟೀಯ, ಹುಷಾರ್!”

ಇನ್ನೂರು ಕುರ್ಚಿ. ಅಂದರೆ ಇನ್ನೂರು ಜನ. ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡರೆ ಇನ್ನೂ ಹೆಚ್ಚು.

ತಾ. 9, ಸೋಮವಾರ

ನಾಲ್ಕು ದಿನ ಬರೆಯಲಿಲ್ಲ. ಇವಳು ಪುಸ್ತಕ ಕಿತ್ತುಕೊಂಡು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದಳು. “ಬರೆದಷ್ಟೂ ನಿಮ್ಮ ಭಯಕ್ಕೆ ಕೈಕಾಲು ಬರುತ್ತೆ.” ಸರಿ ಎಂದು ಸುಮ್ಮನಿದ್ದೆ. ಸುಮ್ಮನಿದ್ದರೂ ಎಣಿಸುತ್ತಿದ್ದೆ. ಇವತ್ತು ಬಕೆಟ್ ತುಂಬಲು ಬರೀ ಅರವತ್ತು.

ಕಂಬದಲ್ಲಿ 43.

ಹಾಗಾದರೆ ಕೋಡಿ ಹರಿಯಬೇಕಲ್ಲ? ಕೆರೆ ತುಂಬಿದರೆ ಮಿಕ್ಕ ನೀರು ಹೋಗುವುದು ಬಂಡೆ ಕಡಿದು ಮಾಡಿದ ಆ ಬಾಯಿಂದಲೇ. ಹೋಗಿ ನೋಡಿದೆ. ಒಣಗಿದೆ. ಹೋದ ವಾರ ನೀರು ಕೋಡಿಯ ಅಂಚಿಗೆ ಎರಡು ಬೆರಳು ಕೆಳಗಿತ್ತು. ಈಗ ನಾಲ್ಕು ಬೆರಳು.

ಕಂಬದಲ್ಲಿ ನೀರು ಮೇಲೆ ಬರುತ್ತಿದೆ. ಕೋಡಿಯಲ್ಲಿ ಕೆಳಗೆ ಹೋಗುತ್ತಿದೆ. ಕೆರೆ ಒಂದೇ.

ಇವಳಿಗೆ ಹೇಳಿದರೆ — “ನೀರು ಎಲ್ಲಾದ್ರೂ ಓರೆಯಾಗಿ ನಿಲ್ಲುತ್ತೇನ್ರೀ? ನೀವು ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದು ಗೊತ್ತು, ಆದ್ರೂ ಇಷ್ಟಾ?”

ಅವಳು ಹೇಳಿದ್ದು ಸರಿ. ನೀರು ಓರೆ ನಿಲ್ಲುವುದಿಲ್ಲ. ಮತ್ತೆ?...

ತಾ. 12, ಗುರುವಾರ

ಹಲ್ಲುಜ್ಜುವಾಗ ಹೊಳೆಯಿತು. ಬ್ರಷ್ಷು ಬಾಯಲ್ಲೇ ನಿಂತಿತು.

ಕೋಡಿ ಇರುವುದು ಬಂಡೆಯಲ್ಲಿ. ಕಂಬ ನೆಟ್ಟಿರುವುದು ಏರಿಯ ಮಣ್ಣಿನಲ್ಲಿ.

ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪು ಶೆಡ್ಡಿನಲ್ಲಿತ್ತು. ಕಟ್ಟಿದ ದಿನ ಏರಿಯ ತಲೆ ಎಷ್ಟೆತ್ತರ ಇತ್ತೋ ಅಷ್ಟೆತ್ತರಕ್ಕೆ ಕೋಡಿಯ ಬಂಡೆಯ ಮೇಲೆ ಗೆರೆ ಕೆತ್ತಿದ್ದಾರೆ. ಪೈಪಿನ ಒಂದು ತುದಿ ಹಿಡಿದು ಇವಳು ಆ ಗೆರೆಯ ಹತ್ತಿರ, ಇನ್ನೊಂದು ತುದಿ ಹಿಡಿದು ನಾನು ಏರಿಯ ನಡುವೆ.

“ಗೆರೆಗೆ ಸರಿಯಾಗಿದೆ ರೀ! ನಿಮ್ ಕಡೆ?”

ನನ್ನ ಕಡೆ ಪೈಪಿನ ನೀರು ನೆಲದಿಂದ ಒಂದು ಮುಷ್ಟಿ ಮೇಲಿತ್ತು. ಮೂರು ಸಲ ನೋಡಿದೆ. ಇವಳು ಬಂದು ತಾನೇ ಮುಷ್ಟಿ ಇಟ್ಟು ನೋಡಿದಳು. ಶಾಲೆಯ ಮಾತು ಎತ್ತಲಿಲ್ಲ.

ನೀರು ಹೆಚ್ಚಲೇ ಇಲ್ಲ. ನಾನು ದಿನವೂ ಬರೆದುಕೊಂಡದ್ದು ಕಂಬದ ಸಮೇತ ಏರಿ ಕುಸಿದ ಲೆಕ್ಕ.

ಯಾರನ್ನೂ ಕೇಳದೆ ತೂಬಿನ ಚಕ್ರ ತಿರುಗಿಸಿದೆ. ನಲವತ್ತು ಸುತ್ತು. ಪೂರ್ತಿ ತೆರೆಯಿತು. ಯಜಮಾನರ ಫೋನ್ ಬಂತು.

“ನೀರಿಳಿಸಿದ್ಯಂತೆ? ನೀನೂ ಇಳಿದು ಹೋಗು ಹಾಗಾದ್ರೆ.”

“ಹೋಗ್ತೀನಿ ಸಾರ್. ಜನರನ್ನ ಮಾತ್ರ ಏರಿ ಮೇಲೆ ಕೂರಿಸ್ಬೇಡಿ.”

ಫೋನ್ ಇಟ್ಟುಬಿಟ್ಟರು. ಚಕ್ರದ ಹಿಡಿ ಬಿಚ್ಚಿ ಇವಳ ಟ್ರಂಕಿನಲ್ಲಿ ಹಾಕಿದೆ.

ತಾ. 14, ಶನಿವಾರ, ಬೆಳಿಗ್ಗೆ 6.20

ನಿನ್ನೆ ಲಾರಿಯವರು ಬಂದು ಕುರ್ಚಿ ಜೋಡಿಸಿಹೋದರು. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಬಿಳಿ ಕುರ್ಚಿ, ಏರಿಯ ಉದ್ದಕ್ಕೂ ಒಂದೇ ಸಾಲು. ಈಗ ಬೆಳಕು ಹರಿದಾಗ ಕಂಡಿತು. ಸಾಲು ನೆಟ್ಟಗಿಲ್ಲ. ಒದ್ದೆ ಬಟ್ಟೆ ಹಾಕಿದ ಹಗ್ಗದ ಹಾಗೆ ನಡುವೆ ಜೋತುಬಿದ್ದಿದೆ. ಒಬ್ಬರೂ ಕೂತಿಲ್ಲ. ಕೂತ ಹಾಗಿದೆ.

ನಿನ್ನೆಯ ಬಾಟಲಿಯ ತಳದಲ್ಲಿ ಕೆಂಪು ಮಣ್ಣು. ಒಂದು ಬೆರಳು ದಪ್ಪ.

ಇವಳನ್ನು ಎಬ್ಬಿಸಿದೆ. ಬಾಟಲಿ ತೋರಿಸಿದೆ. ಅವಳೇ ಟ್ರಂಕಿನ ಒಂದು ಹಿಡಿ ಹಿಡಿದಳು. ಈಗ ಇಬ್ಬರೂ ಕೋಡಿಯ ಬಂಡೆಯ ಮೇಲಿದ್ದೇವೆ. ಗೇಟಿಗೆ ಬೀಗ ಹಾಕಿದ್ದೇನೆ. ಯಜಮಾನರು ಏಳಕ್ಕೆ ಬರುತ್ತಾರಂತೆ. ಬರಲಿ, ಹೊರಗೇ ನಿಲ್ಲಲಿ.

6.35

ಕೋಡಿಯಲ್ಲಿ ಅಳೆದೆ. ತೂಬು ತೆರೆದ ಮೇಲೆ ನೀರು ಇನ್ನೂ ಆರು ಬೆರಳು ಇಳಿದಿದೆ. ಇಳಿಯುತ್ತಿದೆ, ಇಳಿಯುತ್ತಿದೆ. ಉಸಿರು ಬಂತು. ಕಂಬದಲ್ಲಿ ಈಗ 38, 39 ಇರಬೇಕು.

ಬೋಟಿನವನು ಆಚೆ ದಡದಲ್ಲಿದ್ದಾನೆ. ಅವನಿಗೆ ಅಲ್ಲಿಂದ ಕಂಬ ಕಾಣುತ್ತದೆ. ಫೋನ್ ಮಾಡಿ ಓದಲು ಹೇಳಿದೆ.

“ನಲವತ್ಮೂರು ಅಣ್ಣ.”

43 ಆಗಲು ಸಾಧ್ಯವಿಲ್ಲ. 43 ಅಂದರೆ ನೀರು ಇಳಿದಷ್ಟೂ ಏರಿ...

ಇವಳು ನನ್ನ ತೋಳು ಹಿಡಿದಿದ್ದಾಳೆ. ಎಲೆ ಸುತ್ತುತ್ತಿದ್ದ ಜಾಗದಲ್ಲಿ ಈಗ ಒಂದು ಎಲೆಯೂ ಇಲ್ಲ. ಫೋನ್ ಇನ್ನೂ ಕಿವಿಯಲ್ಲಿದೆ. ತಪ್ಪು ಓದಿರ್ತೀಯ ಕಣೋ, ಕಣ್ಣುಜ್ಜಿಕೊಂಡು ಇನ್ನೊಂದೇ ಒಂದು ಸಲ ನೋಡು, ನೀರು ಮುಟ್ಟಿರೋ ಗೆರೆ ಯಾವುದು —