ಕರಡಿ ಕಾಣದ ದಂಡೆಯಿಂದ

ತೆಂಕಣಕಟ್ಟೆ
ಗಾಳಿಗಂಬ ನೆಟ್ಟ ಇನ್ನೂರ ಹನ್ನೊಂದನೆಯ ವರ್ಷ
ನಡುಗತ್ತಲ ಹಬ್ಬದ ಮಾರನೆಯ ದಿನ

ಹಿಂದಿನವರಿಗೆ ನಮಸ್ಕಾರ.

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕುವ ಕಷ್ಟ ತೆಗೆದುಕೊಳ್ಳಬೇಡಿ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾವು ಮನೆಯಲ್ಲಿ ಆಡುವ ಮಾತಿಗೆ ನಾರ್ವೆಯವರದೂ ಚಿಲಿಯವರದೂ ಬೆರೆತು ಅದು ಬೇರೆಯೇ ಆಗಿಹೋಗಿದೆ. ನಾನು ಬರೆಯುತ್ತಿರುವುದು ಹಳೆಯ ಪುಸ್ತಕಗಳಿಂದ ಕಲಿತ ಕನ್ನಡ. ನಮ್ಮವರು ಆಡಿದ ಮಾತನ್ನು ಬರೆಯಬೇಕಾಗಿ ಬಂದ ಕಡೆ ಅದನ್ನು ನಮ್ಮ ಹಿರಿಯರ ಗದಗ ಸೀಮೆಯ ಮಾತಿಗೆ ತಿರುಗಿಸಿದ್ದೇನೆ.

ನಮ್ಮಲ್ಲಿ ಹಿಂದಂಚೆ ಎಂಬ ಏರ್ಪಾಡಿದೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಅದು ಹೇಗೆ ನಡೆಯುತ್ತದೆಂದು ನನಗೆ ಗೊತ್ತಿಲ್ಲ, ನಡೆಸುವವರಿಗೂ ಪೂರ್ತಿ ಗೊತ್ತಿದ್ದಂತಿಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ಮುತ್ತಜ್ಜನಿಗೆ ಇಂಥ ಕಡೆ ಜಾಗ ಹಿಡಿದಿಡು ಎಂದು ಬರೆದು ಅದನ್ನು ಮುಗಿಸಿಬಿಡುತ್ತಾರೆ. ನಾನು ನನ್ನದನ್ನು ಒಂದು ಚಿತ್ರದ ಮೇಲಿನ ತಕರಾರಿಗೆ ಖರ್ಚು ಮಾಡುತ್ತಿದ್ದೇನೆ. ಹಿಮದ ಮೇಲೆ ಬಿಳಿ ಕರಡಿಯೂ ಪೆಂಗ್ವಿನ್ನೂ ಜೊತೆಯಾಗಿ ನಿಂತಿರುವ ಚಿತ್ರ. ಎರಡರ ಕೊರಳಿಗೂ ಕೆಂಪು ಮಫ್ಲರು, ಹಿಂದೆ ಆಟಿಕೆ ತುಂಬಿದ ಹಿಮಬಂಡಿ. ಡಿಸೆಂಬರ್ ಬಂತೆಂದರೆ ನಿಮ್ಮ ಕೇಕಿನ ಡಬ್ಬಿಗಳ ಮೇಲೆ, ಶುಭಾಶಯದ ಕಾರ್ಡುಗಳ ಮೇಲೆ, ಮಕ್ಕಳ ಪುಸ್ತಕಗಳಲ್ಲಿ ಅದು ಇದ್ದೇ ಇರುತ್ತದೆ. ನಿಮಗದು ಗುರುತಿದೆ.

ತೆಂಕಣ ಎಂದರೆ ದಕ್ಷಿಣ. ನಮ್ಮೂರಿಗಿಂತ ತೆಂಕಣಕ್ಕೆ ಕನ್ನಡ ಆಡುವ ಊರಿಲ್ಲ. ಅಂಟಾರ್ಕ್ಟಿಕಾದ ಕಡಲಂಚಿನಲ್ಲಿ ಗಾಳಿಗಂಬ, ಅಂದರೆ ನೀವು ವಿಂಡ್‌ಮಿಲ್ ಎನ್ನುವುದನ್ನು, ನೆಡಲು ಬಂದ ಗದಗ ಕಡೆಯ ಕೆಲಸಗಾರರು ಹಿಂದಿರುಗದೆ ಇಲ್ಲೇ ಉಳಿದರು. ಗಾಜಿನ ತೋಟದಲ್ಲಿ ದೀಪದ ಬೆಳಕಿಗೆ ಜೋಳ ಬೆಳೆಯುತ್ತೇವೆ. ರೊಟ್ಟಿ ಬಡಿಯುವ ಸದ್ದು ನಿಮ್ಮ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಇದೆ ಎಂದು ನಂಬಿದ್ದೇನೆ. ಪಲ್ಯ ಮಾತ್ರ ಕಡಲಸೊಪ್ಪಿನದು. ನಮ್ಮ ಬೀದಿಗಳಿಗೆ ಹಗ್ಗದ ಓಣಿ ಎನ್ನುತ್ತೇವೆ. ಮನೆಯಿಂದ ಮನೆಗೆ ದಪ್ಪ ಹಗ್ಗ ಬಿಗಿದಿರುತ್ತದೆ, ಗಾಳಿ ಎದ್ದಾಗ ಅದನ್ನು ಹಿಡಿದೇ ನಡೆಯಬೇಕು. ಹೆಂಗಸರು ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡು, ಮುಖದ ಬಟ್ಟೆ ತುಸು ಸರಿಸಿ, ನಡುಬೀದಿಯಲ್ಲಿ ಊರಿನ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸುತ್ತಾರೆ. ಬಿರುಗಾಳಿ ನಮ್ಮೂರಲ್ಲಿ ಯಾರ ಬಾಯನ್ನೂ ಕಟ್ಟಿಲ್ಲ.

ನಮ್ಮ ದೊಡ್ಡ ಹಬ್ಬವಾದ ನಡುಗತ್ತಲ ಹಬ್ಬ ಬರುವುದು ಜೂನಿನಲ್ಲಿ, ಸೂರ್ಯ ತಲೆಯೇ ಎತ್ತದ ತಿಂಗಳಲ್ಲಿ. ಇದನ್ನು ಮೊದಲು ಆಚರಿಸಿದವರು ಧ್ರುವ ಹುಡುಕಿಕೊಂಡು ಬಂದ ಆ ಹಳೆಯ ಸಾಹಸಿಗಳು. ಕತ್ತಲಿಗೆ ಬುದ್ಧಿ ಕೆಡಬಾರದೆಂದು ಕಡ್ಡಿಗಳಿಗೆ ಹಕ್ಕಿಯ ಗರಿ ಕಟ್ಟಿ ಹಬ್ಬದ ಗಿಡ ಮಾಡಿದರು, ಒಳ್ಳೆಯ ಊಟ ಮಾಡಿದರು, ಹಾಡಿ ಕುಣಿದರು. ಆಮೇಲೆ ನಮ್ಮ ಅಜ್ಜಿಯಂದಿರು ಅದಕ್ಕೆ ನಿಮ್ಮ ಡಿಸೆಂಬರಿನ ಕತೆಗಳನ್ನು ಹೆಣೆದರು. ಉತ್ತರ ಧ್ರುವದಲ್ಲಿ ಆಟಿಕೆ ಮಾಡುತ್ತಿದ್ದ ಬಿಳಿಗಡ್ಡದ ಅಜ್ಜ, ಅಲ್ಲಿನ ಹಿಮವೆಲ್ಲ ಕರಗಿ ಮನೆ ಮುಳುಗಿದ ಮೇಲೆ ತನ್ನ ಕರಡಿಯನ್ನು ಕರೆದುಕೊಂಡು ನಮ್ಮ ಕಡೆ ಬಂದನಂತೆ. ಪೆಂಗ್ವಿನ್ನುಗಳು ಎದುರು ಹೋಗಿ ಕರೆತಂದವಂತೆ. ನನ್ನ ಆಯಿ, ಅಂದರೆ ಅಜ್ಜಿ, ಇದನ್ನು ಹೇಳುವಾಗ ಬಿಸಿನೀರಿನ ಕೊಳವೆಗೆ ಬೆನ್ನು ಆನಿಸಿ ಕೂತಿರುತ್ತಿದ್ದಳು. ನಾವು ಅವಳ ಕಂಬಳಿಯೊಳಗೆ ನುಗ್ಗುತ್ತಿದ್ದೆವು. ಹಬ್ಬದ ಕೊನೆಗೆ ಆಟ. ಹಳೆಯ ಮಲಗುಚೀಲಗಳನ್ನು ಬಿಚ್ಚಿ ಅವ್ವ ಹೊಲಿದ ಕರಡಿಯೊಳಗೆ ಅಪ್ಪ ಹೊಕ್ಕು ಕುಣಿಯುತ್ತಿದ್ದ, ನಾವು ಮಕ್ಕಳೆಲ್ಲ ಪೆಂಗ್ವಿನ್ನುಗಳು. ಕುಣಿತ ಮುಗಿದ ಮೇಲೆ ಕರಡಿಯೂ ಪೆಂಗ್ವಿನ್ನುಗಳೂ ಒಂದೇ ತಾಟಿನಲ್ಲಿ ಉಂಡಿ ತಿನ್ನಬೇಕು, ಅದು ಪದ್ಧತಿ. ಆ ಚೀಲದ ಕಮಟು ವಾಸನೆಯೂ ಕಡಲೆಹಿಟ್ಟಿನ ಉಂಡಿಯ ವಾಸನೆಯೂ ಸೇರಿ ಬಂದರೆ ಈಗಲೂ ನನಗೆ ಅಪ್ಪ ಪಕ್ಕದಲ್ಲಿ ಕೂತಂತಾಗುತ್ತದೆ. ಆ ಕತೆಯನ್ನು ನಾನು ದ್ವೇಷಿಸುತ್ತೇನೆಂದು ದಯವಿಟ್ಟು ತಿಳಿಯಬೇಡಿ.

ಈಗ ನಡೆದದ್ದು ಕೇಳಿ. ಉತ್ತರದಲ್ಲಿ ಹಿಮ ಹೋದ ಮೇಲೆ ಉಳಿದ ನಾಲ್ಕಾರು ಬಿಳಿ ಕರಡಿಗಳು ಯಾವುದೋ ದೇಶದ ಸಿಮೆಂಟಿನ ತೊಟ್ಟಿಗಳಲ್ಲಿ ನಿಂತಿವೆ. ಅವನ್ನು ತಂದು ನಮ್ಮ ಹಕ್ಕಿದಂಡೆಯಲ್ಲಿ ಬಿಡಬೇಕೆಂದು ಹಬ್ಬದ ಮಂಡಳಿಯ ಮುಖಂಡ ಕಲ್ಮೇಶ ಕಟ್ಟೆಸಭೆಯ ಮುಂದೆ ಕೇಳಿಕೊಂಡ. ಕಲ್ಮೇಶ ನನ್ನ ಅಕ್ಕನ ಮಗ. ಅಪ್ಪನ ಕರಡಿಯ ತೊಡೆಯ ಮೇಲೆ ಕೂತು ಉಂಡಿ ತಿಂದ ಕೊನೆಯ ಪೆಂಗ್ವಿನ್ ಅವನೇ. ಹಕ್ಕಿದಂಡೆ ಎಂದರೆ ದೊರೆಹಕ್ಕಿಗಳು, ಪೆಂಗ್ವಿನ್ನುಗಳಲ್ಲೇ ಎಲ್ಲಕ್ಕಿಂತ ಎತ್ತರದವು, ಮರಿ ಮಾಡುವ ಜಾಗ. ನಮಗೆ ತಿಳಿದಂತೆ ಭೂಮಿಯ ಮೇಲೆ ಅವುಗಳ ಕೊನೆಯ ಹಿಂಡು ಅದು.

ಸಭೆಯವರು ನೆನಪುಗಣಿಯನ್ನು ಕೇಳಿದರು. ನಿಮ್ಮ ಕಾಲ ಬಿಟ್ಟುಹೋದ ಬರಹ, ಚಿತ್ರಗಳನ್ನೆಲ್ಲ ತುಂಬಿಕೊಂಡಿರುವ ಯಂತ್ರ ಅದು. ಯಾವುದು ಹೆಚ್ಚು ಸಲ ದಾಖಲಾಗಿದೆಯೋ ಅದನ್ನೇ ನಿಜವೆನ್ನುತ್ತದೆ. ಧ್ರುವ ಕಂಡವರ ಪುಸ್ತಕಗಳು ಕೆಲವೇ ಕೆಲವು, ಹಬ್ಬದ ಚಿತ್ರಗಳು ಕೋಟಿಗಟ್ಟಲೆ. ಕರಡಿಯೂ ಪೆಂಗ್ವಿನ್ನೂ ಹಿಂದೆ ಒಟ್ಟಿಗೆ ಬಾಳಿದ್ದವೇ ಎಂದು ಕೇಳಿದ್ದಕ್ಕೆ, ಹೌದು, ಅನ್ಯೋನ್ಯವಾಗಿ ಬಾಳಿದ್ದವು, ಚಳಿಗಾಲದ ನಡುವೆ ಉಡುಗೊರೆ ಹಂಚುತ್ತಿದ್ದವು ಎಂದು ಅದು ಉತ್ತರ ಕೊಟ್ಟಿತು. ಸಭೆ ತಲೆದೂಗಿತು.

ನಾನು ಎದ್ದು ನಿಂತೆ. ಉತ್ತರಕ್ಕೆ ಹೋದ ಸಾಹಸಿಗಳು ಹಸಿವಾದಾಗ ಕರಡಿ ತಿಂದರು; ಅದರ ಯಕೃತ್ತು ತಿಂದವರಿಗೆ ಮೈ ಚರ್ಮ ಸುಲಿಯಿತು, ಅದನ್ನೂ ಬರೆದಿಟ್ಟರು. ದಕ್ಷಿಣಕ್ಕೆ ಬಂದವರು ಪೆಂಗ್ವಿನ್ ತಿಂದರು, ಸೀಲ್ ತಿಂದರು, ತಾವು ತಂದ ಕುದುರೆಗಳನ್ನೂ ನಾಯಿಗಳನ್ನೂ ತಿಂದರು. ಇಲ್ಲಿ ಒಂದು ಕರಡಿ ಇದ್ದಿದ್ದರೆ ಅದನ್ನು ಬಿಡುತ್ತಿದ್ದರೇ? ಹಸಿದವರ ಸಾಕ್ಷಿಗಿಂತ ಗಟ್ಟಿ ಸಾಕ್ಷಿ ನಿಮಗೆ ಇನ್ನೇನು ಬೇಕು ಎಂದು ಕೇಳಿದೆ.

"ಚಿಕ್ಕವ್ವ, ಬಿಳೀ ಹಿಮದಾಗ ಬಿಳೀ ಕರಡಿ ಅವರಿಗೆ ಹ್ಯಾಂಗ ಕಾಣಬೇಕು?" ಎಂದ ಕಲ್ಮೇಶ. ಸಭೆ ನಕ್ಕಿತು.

"ಅವರಿಗೆ ಕರಡಿ ಕಾಣಲಿಲ್ಲ ಅಂತನ ಇಟ್ಕೊಳ್ಳೋ ತಮ್ಮಾ. ಕರಡಿಗೆ ಅವರು ಕಾಣತಿದ್ರಲ್ಲ" ಎಂದೆ.

ಅದಕ್ಕೂ ನಕ್ಕರು. ಆದರೆ ಆಮೇಲೆ ಅವನು ತಗ್ಗಿದ ದನಿಯಲ್ಲಿ, "ಹಂಗಾರ ಅವು ತೊಟ್ಟಿಯೊಳಗ ನಿಂತ ನಿಂತಲ್ಲೇ ಸಾಯಲೇನು?" ಎಂದಾಗ ಯಾರೂ ನಗಲಿಲ್ಲ. ನನಗೂ ಕರುಳಿದೆ. ಹಕ್ಕಿಗಳಿಲ್ಲದ, ಸೀಲುಗಳಿರುವ ಮೂಡಣ ದಂಡೆಯಲ್ಲಿ ಬಿಡಿ ಎಂದೆ. ದೂರದಿಂದ ಬರುವ ಯಾತ್ರಿಕರಿಗೆ ಎರಡೂ ಒಟ್ಟಿಗೆ ಕಾಣಬೇಕು, ಬರೀ ಕರಡಿ ನೋಡಲು ಯಾರು ಬರುತ್ತಾರೆ ಎಂದು ಹಿಂದಿನ ಬೆಂಚಿನವರು ಗೊಣಗಿದರು. ಕೈ ಎತ್ತುವ ಹೊತ್ತಿಗೆ ನನ್ನ ಕಡೆ ಇದ್ದವರನ್ನು ಎಣಿಸುವ ತೊಂದರೆಯನ್ನೇ ಯಾರೂ ತೆಗೆದುಕೊಳ್ಳಲಿಲ್ಲ. ಸೂರ್ಯ ಮರಳುವ ಹೊತ್ತಿಗೆ ಕರಡಿಗಳು ಇಲ್ಲಿ ಇಳಿಯಬೇಕೆಂದು ಹಡಗು ಕಳಿಸಿದರು.

ದೊರೆಹಕ್ಕಿಯ ಬಗ್ಗೆ ಒಂದು ಮಾತು ನಿಮಗೆ ತಿಳಿದಿರಬೇಕು. ಅದರ ಹಗೆಗಳೆಲ್ಲ ನೀರಿನೊಳಗಿನವು. ನೆಲದ ಮೇಲೆ ನಡೆದು ಬರುವುದಕ್ಕೆ ಹೆದರಬೇಕೆಂದು ಅದಕ್ಕೆ ಗೊತ್ತೇ ಇಲ್ಲ. ಆ ಸಾಹಸಿಗಳನ್ನು ಕಂಡು ಪೆಂಗ್ವಿನ್ನುಗಳು ತಾವಾಗಿಯೇ ಹತ್ತಿರ ಬಂದವು, ಕತ್ತು ಬಾಗಿಸಿದವು. ಅವರು ಕೊಂದು ತಿಂದರು. ಆದರೂ ಹಕ್ಕಿಗಳು ಪಾಠ ಕಲಿಯಲಿಲ್ಲ.

ಇನ್ನಾದರೂ ಕಲಿಸಬಹುದೇ ಎಂದು ಇವತ್ತು ಹಬ್ಬದ ಕರಡಿವೇಷ ಕೇಳಿ ತಂದೆ. "ಈ ವಯಸ್ಸಿನ್ಯಾಗ ಕುಣಿಯಾಕ ಹೊಂಟೀರೇನು?" ಎಂದು ಕಲ್ಮೇಶ ಚೇಷ್ಟೆ ಮಾಡಿದ. ಒಬ್ಬಳನ್ನೇ ಕಳಿಸಲಾರದೆ ದೀಪ ಹಿಡಿದು ಹಿಂದೆ ಬಂದ. ಹಕ್ಕಿದಂಡೆಯಲ್ಲಿ ಗಂಡುಹಕ್ಕಿಗಳು ಮೊಟ್ಟೆಯನ್ನು ಪಾದದ ಮೇಲಿಟ್ಟು ಹೊಟ್ಟೆಯ ಮಡಿಕೆಯಲ್ಲಿ ಮುಚ್ಚಿಕೊಂಡು, ಒಂದಕ್ಕೊಂದು ಒತ್ತಿ ನಿಂತಿದ್ದವು. ನಾನು ವೇಷದೊಳಗಿಂದ ಗಂಟಲು ಹರಿಯುವಂತೆ ಅಬ್ಬರಿಸಿದೆ, ಕೈಗಳನ್ನು ಮೇಲೆತ್ತಿ ನುಗ್ಗಿದೆ. ಅಂಚಿನಲ್ಲಿದ್ದ ಒಂದು ಹಕ್ಕಿ, ಮೊಟ್ಟೆ ಜಾರದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ, ಗುಂಪು ಬಿಟ್ಟು ನನ್ನ ಎದುರಿಗೆ ಬಂತು. ನಿಂತಿತು. ಕತ್ತು ಬಾಗಿಸಿ ನಮಸ್ಕಾರ ಮಾಡಿತು. ಅದರ ಹಿಂದೆ ಇನ್ನೊಂದು ಹೊರಟಿತು.

ನಾನು ಮತ್ತೆ ಅಬ್ಬರಿಸಲಿಲ್ಲ. ಕಲ್ಮೇಶ ಹಕ್ಕಿಗಳ ಕಣ್ಣಿಗೆ ಕುಕ್ಕದಂತೆ ದೀಪ ತಗ್ಗಿಸಿದ. ಕೊನೆಗೆ, "ಚಿಕ್ಕವ್ವ, ಹಡಗು ಹೊಂಟು ಹೋಗೇದ" ಎಂದ. ಅವನ ದನಿ ಅಷ್ಟು ಸಣ್ಣದಾಗಿ ಕೇಳಿದ್ದು ಅವನು ಚಿಕ್ಕವನಿದ್ದಾಗ ಮಾತ್ರ. ಹಡಗನ್ನು ಹಿಂದಕ್ಕೆ ಕರೆಸಲು ಸಭೆ ಮತ್ತೆ ಕೂಡಬೇಕು. ಕೂಡಿದರೂ ನೆನಪುಗಣಿ ಹಳೆಯ ಉತ್ತರವನ್ನೇ ಹೇಳುತ್ತದೆ. ಆ ಉತ್ತರವನ್ನು ಬದಲಿಸಬಲ್ಲವರು ಇಲ್ಲಿ ಯಾರೂ ಇಲ್ಲ. ಅದು ಎಣಿಸುವ ಚಿತ್ರಗಳನ್ನು ಬರೆಯುವವರು ನೀವು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಕತೆ ಹೇಳುವುದನ್ನು ನಿಲ್ಲಿಸಿ ಎಂದು ಕೇಳುವುದಿಲ್ಲ. ಆಯಿಯ ಕಂಬಳಿಯೊಳಗೆ ಕೂತವಳು ಹಾಗೆ ಹೇಗೆ ಕೇಳಲಿ? ನಿಮ್ಮ ಮನೆಯ ಮಗುವೊಂದು ಹಬ್ಬದ ಚಿತ್ರ ಬರೆಯಲು ಕೂತಾಗ ಪಕ್ಕದಲ್ಲಿ ಕೂತುಕೊಳ್ಳಿ, ಅಷ್ಟೇ ಕೇಳುತ್ತೇನೆ. ಕರಡಿಯನ್ನು ಹಾಳೆಯ ಮೇಲ್ತುದಿಯಲ್ಲಿ, ಭೂಪಟದಲ್ಲಿ ಉತ್ತರವಿರುವ ಕಡೆ, ಬರೆಯಲಿ. ಹಕ್ಕಿಯನ್ನು ಕೆಳತುದಿಯಲ್ಲಿ ಬರೆಯಲಿ. ಬೇಕಾದರೆ ಎರಡಕ್ಕೂ ಮಫ್ಲರು ತೊಡಿಸಲಿ. ನಡುವಿನ ಜಾಗದಲ್ಲಿ ಏನು ಬರೆಯಲಿ ಎಂದು ಅದು ಕೇಳಿದರೆ, ನಿಮ್ಮ ಮನೆಯನ್ನು ಬರೆಯಲು ಹೇಳಿ.

ನಿಮ್ಮ ಮುಂದಿನವಳು,
ನೀಲಗಂಗವ್ವ ಮುಳಗುಂದ