ಅವ್ವನ ಬರಿಗಾಲು

ಖರಾಡಿ, ಪುಣೆ
೯ ಮಾರ್ಚ್ ೨೦೦೪

ಪ್ರೀತಿಯ ಗಂಗಕ್ಕಾ,

ಅವ್ವ ಎರಡು ವರ್ಷದಿಂದ ಚಪ್ಪಲಿ ಮೆಟ್ಟಿಲ್ಲ. ನಿನಗೆ ಹೇಳಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು, ಅದಕ್ಕೇ ಇಷ್ಟು ದಿನ ಮುಚ್ಚಿಟ್ಟೆ. ಇವತ್ತು ಆಣೆ ಮುರಿಯುತ್ತಿದ್ದೇನೆ. ಇರಲಿ, ಮೊದಲು ನಿನ್ನ ಸುದ್ದಿ ಹೇಳು. ಆರಾಮಿದ್ದೀಯಾ? ಕೂಸಿಗೆ ಹಲ್ಲು ಬಂದವೇ? ದೌಂಡದ ರೈಲ್ವೆ ಕ್ವಾರ್ಟರ್ಸಿನಲ್ಲಿ ನೀರು ದಿನಾ ಬಿಡುತ್ತಾರೆಯೇ? ಪ್ರೇಮಕುಮಾರ ಮಾಮಾನಿಗೆ ಇನ್ನೂ ರಾತ್ರಿ ಪಾಳಿಯೇ? ಫೋನು ಮಾಡಿದರೆ ನೀನು ಅಳುತ್ತೀ, ನಾನು ಕೂಗಾಡುತ್ತೇನೆ, ಹೇಳಬೇಕಾದದ್ದು ಉಳಿದೇ ಹೋಗುತ್ತದೆ. ಅದಕ್ಕೇ ಕಾಗದ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನ ಬರಹ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಮಾಮಾನನ್ನು ಮದುವೆಯಾಗಲು ನೀನು ಹೊರಟುಹೋದ ದಿನ ಅಪ್ಪ ‘ಆಕಿ ನಮ್ಮ ಪಾಲಿಗೆ ಸತ್ತಳು’ ಅಂದ. ನಮ್ಮ ಶೆಡ್ಡಿನ ಹಿಂದೆ ಕಟ್ಟಡದ ಕೂಲಿ ಜನ ಒಂದು ಕಲ್ಲಿಗೆ ಕುಂಕುಮ ಹಚ್ಚಿ ಹುಲಿಗೆವ್ವ ಎಂದು ಕೂಡಿಸಿದ್ದಾರಲ್ಲ, ಅವ್ವ ಅಲ್ಲಿಗೆ ಹೋಗಿ ಚಪ್ಪಲಿ ಬಿಟ್ಟುಬಂದಳು. ಮಗಳ ಮುಖ ನೋಡುವವರೆಗೆ ಮೆಟ್ಟುವುದಿಲ್ಲ ಎಂದು ಹರಕೆ. ದೌಂಡಕ್ಕೆ ಹೋದರೆ ತಿರುಗಿ ಬರಬೇಡ ಎಂದು ಅಪ್ಪನ ಕಟ್ಟು. ಅಪ್ಪ ತಾನೇ ಬಂದು ಕರೆದರೆ ಮಾತ್ರ ಬರುತ್ತೇನೆಂದು ನೀನು, ದೌಂಡದಿಂದ ಇಲ್ಲಿಗೆ ದಿನಾ ಕೆಲಸಕ್ಕೆ ಬರುವ ಕಾಂತಪ್ಪ ಕಾಕಾನ ಕೂಡ ಹೇಳಿ ಕಳಿಸಿದೆ. ಮೂವರೂ ಹಟ ಹಿಡಿದಿದ್ದೀರಿ, ಸವೆಯುತ್ತಿರುವುದು ಮಾತ್ರ ಅವ್ವನ ಕಾಲು.

ದೀಪಾವಳಿಯ ಸುಮಾರಿಗೆ ಹಿಮ್ಮಡಿ ನೋವು ಶುರುವಾಯಿತು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ತಗಡಿನ ಗೋಡೆ ಹಿಡಿದುಕೊಳ್ಳುತ್ತಾಳೆ. ‘ಒಡದ ಗಾಜಿನ ಬಳಿ ಮ್ಯಾಲ ಕಾಲಿಟ್ಟಂಗ ಆಗ್ತದೋ ದತ್ತು’ ಅನ್ನುತ್ತಾಳೆ. ತುಸು ನಡೆದಾಡಿದ ಮೇಲೆ ಸಡಿಲವಾಗುತ್ತದೆ. ಊಟಕ್ಕೆ ಕೂತು ಎದ್ದರೆ ಮತ್ತೆ ಅದೇ. ಪಕ್ಕದ ಶೆಡ್ಡಿನ ಭೀಮವ್ವ ಇಟ್ಟಂಗಿ ಕಾಯಿಸಿ, ಮೇಲೆ ಎಕ್ಕೆ ಎಲೆ ಹಾಸಿ ಕಾವು ಕೊಡಿಸಿದಳು. ಇಟ್ಟಂಗಿಗೆ ನಮ್ಮಲ್ಲೇನು ಬರ? ಕಾವು ಹೆಚ್ಚಾಗಿ ಗುಳ್ಳೆ ಎದ್ದಿತು, ನೋವು ಇದ್ದಲ್ಲೇ ಇತ್ತು.

ಕೊನೆಗೆ ಜಗಳ ಮಾಡಿ ಪುಣೆಯ ಕ್ಯಾಂಪ್ ಪೇಟೆಯ ಕಡೆ ಒಂದು ಧರ್ಮಾಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಬಾಯಿ ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿ ಅವ್ವನಿಗೆ ಹೇಳುತ್ತಾ ಹೋದೆ. ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಿನ ಕೆಳಗೆ ಒಂದು ಗಟ್ಟಿ ನಾರಿನ ಪಟ್ಟಿ ಇದೆಯಂತೆ. ಜಗ್ಗಿ ಜಗ್ಗಿ ಅದು ಹಿಮ್ಮಡಿಯ ಹತ್ತಿರ ನೊಂದಿದೆ. ರಾತ್ರಿ ಬಿಗಿದುಕೊಳ್ಳುತ್ತದೆ, ಬೆಳಗಿನ ಮೊದಲ ಹೆಜ್ಜೆಗೆ ಒಮ್ಮೆಲೇ ಎಳೆಯುತ್ತದೆ. ಎಕ್ಸ್‌ರೇಯಲ್ಲಿ ಎಲುಬು ಮುಳ್ಳಿನ ಹಾಗೆ ಬೆಳೆದದ್ದು ಕಂಡಿತು. ಅಂಥ ಮುಳ್ಳು ನೋವಿಲ್ಲದ ಎಷ್ಟೋ ಜನರಿಗೂ ಇರುತ್ತದೆ, ತೆಗೆಯಬೇಕಾಗಿಲ್ಲ ಎಂದರು. ಹಾಸಿಗೆ ಬಿಡುವ ಮೊದಲು ಟವೆಲ್ಲಿನಿಂದ ಕಾಲಬೆರಳು ಹಿಡಿದು ಎಳೆಯಬೇಕು, ಗೋಡೆಗೆ ಕೈಕೊಟ್ಟು ಮೊಣಕಾಲ ಕೆಳಗಿನ ಮೀನಗಂಡ ಹಿಗ್ಗಿಸಬೇಕು, ಬಟ್ಟೆಯಲ್ಲಿ ತಣ್ಣನೆಯ ಬರ್ಫದ ಗಡ್ಡೆ ಸುತ್ತಿ ಉಜ್ಜಬೇಕು, ಭಾರ ಹೊರುವುದು ಕಡಿಮೆ ಮಾಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಹೆಜ್ಜೆಯೂ ಬರಿಗಾಲಲ್ಲಿ ಇಡಬಾರದು, ಮೆತ್ತನೆಯ ಚಪ್ಪಲಿ ಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೆ ಬಹಳ ಮಂದಿಗೆ ಇಷ್ಟರಲ್ಲೇ ವಾಸಿಯಾಗುತ್ತದೆ.

ಅಪ್ಪ ನಕ್ಕ. ‘ನೋವು ಹಿಮ್ಮಡ್ಯಾಗ, ಕಸರತ್ತು ಮೀನಗಂಡಕ್ಕ! ಹಗಲೆಲ್ಲಾ ನಿಂತು ಸತ್ತಾಕಿಗೆ ಗ್ವಾಡಿ ಹಿಡದು ಇನ್ನಷ್ಟು ನಿಲ್ಲು ಅಂತಾಳಲ್ಲೋ. ಮುಳ್ಳು ಅದ ಅಂದಮ್ಯಾಲ ಸುಡಬೇಕು.’ ಕಬ್ಬಿನ ಹಾಲಿನ ಅಂಗಡಿಯಿಂದ ದಿನಾ ಬರ್ಫ ತಂದು ಉಜ್ಜುತ್ತಿದ್ದೇನೆ, ತುಸು ಹಗುರಾಗುತ್ತದೆ. ಚಪ್ಪಲಿಯನ್ನೂ ತಂದುಕೊಟ್ಟೆ. ಅವ್ವ ಟ್ರಂಕಿನಲ್ಲಿಟ್ಟುಬಿಟ್ಟಳು. ಒಂದು ದಿನ ಗೋಣಿ ತಟ್ಟು ಮಡಚಿ ಅಂಗಾಲಿಗೆ ಕಟ್ಟಿ, ಇದು ಚಪ್ಪಲಿ ಅಲ್ಲವಲ್ಲ ಎಂದೆ. ಬಿಚ್ಚಿ ನನ್ನ ಮೇಲೇ ಎಸೆದಳು: ‘ಹುಲಿಗೆವ್ವಗ ಕಣ್ಣಿಲ್ಲಂತ ತಿಳದೀಯೇನೋ ಭಾಡ್ಯಾ?’ ಹೋದ ವಾರ ಮೇಸ್ತ್ರಿ ‘ಕುಂಟೋರು ನಮಗ ಬ್ಯಾಡ’ ಎಂದು ಅವಳನ್ನು ಕೆಲಸದಿಂದ ಬಿಡಿಸಿದ. ಈಗ ಹೊಸ್ತಿಲಲ್ಲಿ ಕೂತು, ಬೇರೆ ಹೆಂಗಸರು ಬುಟ್ಟಿ ಹೊತ್ತು ಮೇಲೇರುವುದನ್ನು ನೋಡುತ್ತಿರುತ್ತಾಳೆ. ನನಗೆ ಅದನ್ನು ನೋಡಲಾಗುವುದಿಲ್ಲ, ಎದ್ದು ಎಲ್ಲಿಗಾದರೂ ಹೋಗಿಬಿಡುತ್ತೇನೆ.

ನೋವಿಗೆ ನೀನೇ ಕಾರಣ ಎಂದು ಬರೆದರೆ ಸುಳ್ಳಾಗುತ್ತದೆ. ಕಾಂಕ್ರೀಟಿನ ಮೇಲೆ ನಿಲ್ಲುವುದು, ತಲೆ ಮೇಲಿನ ಭಾರ, ವಯಸ್ಸು, ಬರಿಗಾಲು, ಎಲ್ಲ ಸೇರಿ ಎಂದರು ಡಾಕ್ಟರಬಾಯಿ. ಇವುಗಳಲ್ಲಿ ನಿನ್ನ ಕೈಯಲ್ಲಿರುವುದು ಬರಿಗಾಲು ಒಂದೇ. ಇಷ್ಟು ಓದಿಯೂ ನೀನು ಬರುತ್ತೀ ಎಂಬ ಭರವಸೆ ನನಗಿಲ್ಲ. ಅಪ್ಪನ ಮಗಳಲ್ಲವೇ ನೀನು?

ಕೂಸಿಗೆ ಕಾಣದ ಸೋದರಮಾವನ ಮುದ್ದು. ಮಾಮಾನಿಗೆ ಶರಣು ಹೇಳು.

ನಿನ್ನ ತಮ್ಮ
ದತ್ತು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಗಂಟು ಕಟ್ಟಿದ. ಯಾದಗಿರಿ ಕಡೆ ಬರೆ ಹಾಕುವವನೊಬ್ಬ ಇದ್ದಾನಂತೆ, ಕಾದ ಕಬ್ಬಿಣದಿಂದ ಹಿಮ್ಮಡಿ ಸುಡುತ್ತಾನಂತೆ. ಹೊಡೆದಾಡುವಷ್ಟು ಜಗಳವಾಯಿತು. ಅವ್ವನೇ ‘ಬರಿ ತಡಕೊಳ್ತೀನಿ, ಹರಕಿ ಮುರಿಯಂಗಿಲ್ಲ’ ಅಂದಳು. ಗಾಡಿ ದೌಂಡದಲ್ಲಿ ನಿಲ್ಲುತ್ತದೆ. ನೀನು ಒಳಗೆ ಬರಬೇಡ, ಅಪ್ಪನನ್ನು ಮಾತಾಡಿಸಬೇಡ, ಪ್ಲಾಟ್‌ಫಾರಮ್ಮಿನ ಮೇಲೆ ನಿಂತರೆ ಸಾಕು. ಹಿಂದಿನ ಜನರಲ್ ಡಬ್ಬಿಯಲ್ಲಿ ಅವ್ವನನ್ನು ಕಿಟಕಿಗೆ ಕೂರಿಸಿರುತ್ತೇನೆ. ನಿನ್ನ ಮುಖ ಕಂಡರೆ ಹರಕೆ ತೀರಿ ಚಪ್ಪಲಿ ಮೆಟ್ಟುತ್ತಾಳೆ. ಬರೆ ತಪ್ಪುತ್ತದೋ ಇಲ್ಲವೋ ನಾನರಿಯೆ. ಅವಳಿಗೆ ಏನೂ ಹೇಳಿಲ್ಲ. ಕಾಂತಪ್ಪ ಕಾಕಾ ಇವತ್ತು ಸಂಜೆಯೇ ಇದನ್ನು ನಿನ್ನ ಕೈಗೆ ಕೊಡುತ್ತಾನೆ. ನಾಳೆ ಮಧ್ಯಾಹ್ನದ ಗಾಡಿಗೆ ಹೊರಡುತ್ತೇವೆ.