ಒಂದೇ ಮರಕ್ಕೆ ಎರಡು ಜೋಲಿ

ಫೆಬ್ರುವರಿ 9, ಶನಿವಾರ. ರೋರೋಸ್ ಊರಿನ ಆಚೆಯ ಕಾಡು. ಮೈನಸ್ ಹದಿನೆಂಟು.

ಪೆನ್ನಿನ ಶಾಯಿ ಹೆಪ್ಪುಗಟ್ಟಿದೆ, ಟಾರ್ಚ್ ಬೆಳಕಿನಲ್ಲಿ ಪೆನ್ಸಿಲ್ ಹಿಡಿದು ಬರೆಯುತ್ತಿದ್ದೇನೆ. ಇಷ್ಟು ದೊಡ್ಡ ಕಾಡಿನಲ್ಲಿ ನನ್ನ ಗಂಡ ಐವಿನ್‌ಗೆ ಇನ್ನೊಂದು ಮರ ಸಿಗಲಿಲ್ಲವಂತೆ! ಇಬ್ಬರ ಜೋಲಿಯ ತಲೆಯ ಕಡೆಯನ್ನೂ ಒಂದೇ ತೆಳ್ಳನೆಯ ಬರ್ಚ್ ಮರಕ್ಕೆ ಬಿಗಿದಿದ್ದಾನೆ. ಅವನು ಮಗ್ಗುಲು ಬದಲಿಸಿದಾಗಲೆಲ್ಲ ನಾನೂ ತೂಗಾಡುತ್ತೇನೆ. ಹಿಮಸಾರಂಗದ ಚರ್ಮ ಹಾಸಿದ್ದರೂ ಚಳಿ ಕೆಳಗಿನಿಂದ ಬೆನ್ನು ಕೊರೆಯುತ್ತಿದೆ.

ಅವನ ಹೃದಯದ ಆಪರೇಷನ್ ಆದಮೇಲೆ ಹೊರಗೆ ಮಲಗಿದ್ದು ಇದೇ ಮೊದಲು. ಡಾಕ್ಟರು ಒಪ್ಪಿದ್ದರು, ನಾನು ಒಪ್ಪಿರಲಿಲ್ಲ.

"ಬೇರೆ ಮರಕ್ಕೆ ಕಟ್ಟೋಕೆ ಏನಾಗಿತ್ತೋ ನಿಂಗೆ?" ಎಂದು ರೇಗಿದೆ.

ಕತ್ತಲಲ್ಲೇ ನಕ್ಕ. "ಮನೇಲಿ ದಿನಾ ರಾತ್ರಿ ಎದ್ದು ನನ್ನ ಮೂಗಿನ ಹತ್ರ ಕೈ ಹಿಡೀತೀಯಲ್ಲ, ಉಸಿರಾಡ್ತಿದಾನಾ ಅಂತ. ಈ ಚಳೀಲಿ ಹೇಗೆ ಏಳ್ತೀಯ ಮುದುಕಿ? ಅದಕ್ಕೇ ಹೀಗೆ ಕಟ್ಟಿದೆ. ಅಲುಗಾಡ್ತಿದ್ರೆ ಇದೀನಿ ಅಂತ ತಿಳ್ಕೊ."

ಹಾಗಾದರೆ ಆಪರೇಷನ್ ಆದ ಈ ಐದು ತಿಂಗಳೂ ನಿದ್ದೆಯ ನಾಟಕವಾಡಿದನೇ!

"ಮಲಗು. ಬೆಳಿಗ್ಗೆ ಕಾಫಿ ನಾನೇ ಮಾಡ್ತೀನಿ," ಎಂದ.

ಜೋಲಿ ಮತ್ತೆ ಅಲುಗಿತು. ಬೇಕೆಂದೇ ತೂಗುತ್ತಿದ್ದಾನೆ, ಕಳ್ಳ. ಇಷ್ಟು ದಿನ ಅವನು ಮಲಗಿದ ಮೇಲೆ ಮಲಗಿದವಳು ನಾನು. ಇವತ್ತು ಅವನಿಗಿಂತ ಮೊದಲೇ ಕಣ್ಣು ಎಳೆಯುತ್ತಿದೆ, ಪೆನ್ಸಿಲು ಜಾರು…